ಎಂಟು ಹಾಳೆಯಲ್ಲಿ ಇಲ್ಲದ ಮಗು

“ತಲೆ ಬಗ್ಗಿಸ್ಕೊಂಡ್ ನಡಿಯೇ ಮುಂಡೆ. ನಿನ್ ಮೂತಿ ಕಂಡ್ರೆ ತಿಂದಿದ್ದು ವಾಪಸ್ ಬತ್ತದೆ” ಎಂದು ಜೈಲರ್ ಕ್ರೂಡ್ ಮೆಟ್ಟಿಲ ತುದಿಯಲ್ಲಿ ನಿಂತು ಅಂದ. ಅವನ ಕೈಯಲ್ಲಿ ಕುರಿಮಾಂಸ ತುಂಬಿದ ಕಡುಬು. ಕೊಬ್ಬು ಗಡ್ಡಕ್ಕೆ ಇಳಿದು ಹೆಪ್ಪುಗಟ್ಟಿತ್ತು.

ತಲೆ ಬಗ್ಗಿಸದೆ ಆ ಮೆಟ್ಟಿಲು ಹತ್ತಲು ಬರುವುದೇ ಇಲ್ಲ. ಗುಂಡಿಯಿಂದ ಅಂಗಳಕ್ಕೆ ಹದಿನಾಲ್ಕು ಮೆಟ್ಟಿಲು. ತೊಟ್ಟಿಯ ಎರಡೂ ಕಿವಿ ಹಿಡಿದು, ಅದನ್ನು ಹೊಟ್ಟೆಗೆ ಅವಚಿಕೊಂಡು ಹತ್ತಬೇಕು. ಒಂದೊಂದು ಮೆಟ್ಟಿಲಿಗೂ ಒಳಗಿನದು ತುಳುಕಿ ಎದೆಗೆ ಬೀಳುತ್ತದೆ, ಕೆಲವು ಸಲ ಗಲ್ಲಕ್ಕೆ. ಬಾಯಿ ಮುಚ್ಚಿಕೊಂಡಿರಬೇಕು. ಅಷ್ಟು ವರ್ಷ ನಾನು ಯಾರಿಗೂ ತಿರುಗಿ ಮಾತಾಡದೆ ಇದ್ದದ್ದಕ್ಕೆ ಅರ್ಧ ಕಾರಣ ಅದೇ.

ನಾನು ಗ್ರಿಸೆಲ್. ಮಾರ್‌ಕೋಂಬ್ ಊರಿನ ಸೆರೆಮನೆಯ ಹೇಸಿಗೆ ಹೊರುವ ಕೆಲಸ ಮೊದಲು ನನ್ನವ್ವನದಾಗಿತ್ತು. ಅವಳನ್ನು ಹೂಳಿದ ಮಾರನೆಯ ಬೆಳಿಗ್ಗೆ ಆಗ ಜೈಲರ್ ಆಗಿದ್ದ ಕ್ರೂಡ್‌ನ ಅಪ್ಪ ತೊಟ್ಟಿಯನ್ನು ನಮ್ಮ ಗುಡಿಸಲ ಬಾಗಿಲಿಗೆ ಉರುಳಿಸಿ, ಏನೂ ಹೇಳದೆ ಹೋದ. ಹೇಳುವುದೇನಿತ್ತು? ನಾನು ಎತ್ತಿಕೊಂಡೆ. ಲಂಡನ್ನಿನಲ್ಲಿ ರಾಜನ ತಲೆ ಕಡಿದರಂತೆ ಎಂಬ ಸುದ್ದಿ ಬಂದ ದಿನವೂ ಎತ್ತಿಕೊಂಡಿದ್ದೆ. ಇನ್ನು ದೊರೆಯಿಲ್ಲ, ಇನ್ನು ಎಲ್ಲರೂ ಒಂದೇ ಎಂದು ಸಂತೆಯ ಕಟ್ಟೆ ಮೇಲೆ ನಿಂತು ಸಿಪಾಯಿಯೊಬ್ಬ ಹೇಳುತ್ತಿದ್ದ. ನಾನು ಪಕ್ಕದಲ್ಲಿ ಹಾದಾಗ ಮಾತು ನಿಲ್ಲಿಸಿ ಮೂಗು ಮುಚ್ಚಿಕೊಂಡ. ನಾನು ದಾಟಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸಿದ.

ರೊಟ್ಟಿಯವನು ನನ್ನ ಪಾಲಿನ ರೊಟ್ಟಿಯನ್ನು ಗೋಡೆಯ ಮೇಲಿಡುತ್ತಿದ್ದ. ಅವನು ಅಂಗಡಿಯೊಳಕ್ಕೆ ಹೋದ ಮೇಲೆ ನಾನು ತೆಗೆದುಕೊಳ್ಳಬೇಕು. ಗೋಪುರದ ಗುಡಿಯಲ್ಲಿ ನನ್ನ ಜಾಗ ಬಡಗಣ ಬಾಗಿಲ ಹಿಂದೆ, ಗಾಳಿ ಹೊರಕ್ಕೆ ಹೋಗುವ ಕಡೆ. ಈಸ್ಟರ್ ಹಬ್ಬದಲ್ಲಿ ಎಲ್ಲರಿಗೂ ದ್ರಾಕ್ಷಾರಸದ ಬಟ್ಟಲು ತುಟಿಗೆ ತಾಗುತ್ತದೆ; ನನಗೆ ಪಾದ್ರಿ ರೊಟ್ಟಿಯ ಚೂರನ್ನು ರಸದಲ್ಲಿ ಅದ್ದಿ ಮೇಲಿನಿಂದ ಅಂಗೈಗೆ ಬಿಡುತ್ತಿದ್ದ. ಒಂದು ವರ್ಷ ಅದು ಗುರಿ ತಪ್ಪಿ ನೆಲಕ್ಕೆ ಬಿತ್ತು. ಕ್ರಿಸ್ತನ ಶರೀರ ಅದು. ಪಾದ್ರಿ ನೆಲ ನೋಡಿದ, ನನ್ನನ್ನು ನೋಡಿದ. “ತಿನ್ನು, ನಿಂಗೇನು ಅಭ್ಯಾಸ ಇಲ್ವಾ?” ಅಂದ. ಮುಂದಿನ ಸಾಲಿನ ಹೆಂಗಸರು ನಕ್ಕರು. ನಾನು ಹೆಕ್ಕಿ ತಿಂದೆ.

ಸೆರೆಮನೆಯಲ್ಲಿ ಕ್ರೂಡ್‌ನ ಕೈ ಬಿಸಿ ಮಾಡಿದವರಿಗೆ ಮೇಲಿನ ಕೋಣೆ, ಹುಲ್ಲಿನ ಹಾಸಿಗೆ. ಉಳಿದವರಿಗೆ ಗುಂಡಿ. ಕಿಟಕಿಯಿಲ್ಲ. ಮೋರಿ ಕಟ್ಟಿಕೊಂಡು ಎಷ್ಟು ಕಾಲವಾಯಿತೋ ಯಾರಿಗೂ ಗೊತ್ತಿಲ್ಲ. ನೆಲದ ಮೇಲೆ ಯಾವಾಗಲೂ ಕಾಲ ಗೆಣ್ಣುಮಟ್ಟ ಹೇಸಿಗೆ. ಮೇಲಿನವರ ಗಡಿಗೆಗಳನ್ನು ಕ್ರೂಡ್ ಬೇಕೆಂದೇ ಹಲಗೆಯ ಸಂದಿಯಿಂದ ಕೆಳಗೆ ಸುರಿಯುತ್ತಿದ್ದ, ಮಳೆ ಬಂತು ಕಣ್ರೋ ಎಂದು ಕೂಗುತ್ತಿದ್ದ. ಕೆಳಗಿನವರು ಗೋಡೆಗೆ ಅಂಟಿಕೊಳ್ಳುತ್ತಿದ್ದರು. ನಾನು ದಿನಕ್ಕೆ ಹತ್ತು ತೊಟ್ಟಿ ಹೊತ್ತರೆ ಹನ್ನೆರಡು ತೊಟ್ಟಿಯಷ್ಟು ಬೀಳುತ್ತಿತ್ತು.

ರಾಜ ಸತ್ತು ಕೆಲವು ವರ್ಷವಾದ ಮೇಲೆ, ಒಂದು ಸುಗ್ಗಿ ಮುಗಿಯುವ ಹೊತ್ತಿಗೆ ಮೆರಿಯಲ್‌ಳನ್ನು ಅಲ್ಲಿಗೆ ತಳ್ಳಿದರು. ಉಣ್ಣೆ ನೇಯುವವನ ವಿಧವೆ, ನಲವತ್ತರ ಮೇಲಿನ ಹೆಂಗಸು, ಬೆರಳುಗಳೆಲ್ಲ ಗಂಟುಗಂಟು. ಊರವರು ‘ನಡುಗುವವರು’ ಎಂದು ಆಡಿಕೊಳ್ಳುವ ಕ್ವೇಕರ್ ಪಂಗಡದವಳು. ತಮ್ಮನ್ನು ಅವರು ‘ಸ್ನೇಹಿತರು’ ಎಂದು ಕರೆದುಕೊಳ್ಳುತ್ತಾರೆ. ಪಾದ್ರಿಯ ಉಪದೇಶ ಮುಗಿದಾಗ ಅವಳು ಎದ್ದು ನಿಂತು, ನೀನು ಬಾಯಿಪಾಠ ಮಾಡಿದ್ದನ್ನು ಮಾರುತ್ತೀಯ, ನಿನಗೆ ದೇವರು ಸ್ವತಃ ಏನಾದರೂ ಹೇಳಿದ್ದಾನಾ ಎಂದು ಕೇಳಿದ್ದಳಂತೆ. ಅದಕ್ಕೆ ಬರೀ ದಂಡ ಹಾಕಿ ಬಿಡುತ್ತಿದ್ದರು. ಆದರೆ ನ್ಯಾಯಾಧಿಕಾರಿ ಸರ್ ಬೆವಿಸ್ ಟ್ರೆಲೋರ್‌ನಿಗೂ ಅವಳು ‘ನೀನು’ ಅಂದಳು. ಒಬ್ಬನೇ ಇದ್ದೀಯ, ‘ನೀವು’ ಅಂದರೆ ಸುಳ್ಳಾಗುತ್ತದೆ ಎಂದು ವಿವರಣೆಯನ್ನೂ ಕೊಟ್ಟಳು. ಅದಕ್ಕೆ ಗುಂಡಿ.

ನಾನು ಸಲಿಕೆ ಹಿಡಿದು ಇಳಿದಾಗ ಅವಳು ಐದನೇ ಮೆಟ್ಟಿಲ ಮೇಲೆ ಕಾಲು ಮಡಚಿ ಕೂತಿದ್ದಳು.

“ನಿನ್ ಹೆಸ್ರೇನು?” ಅಂದಳು.

“ತೊಟ್ಟಿಯೋಳು.”

“ಅದು ಕೆಲಸ. ನಾನ್ ಹೆಸ್ರು ಕೇಳ್ದೆ.”

ಹೇಳಿದೆ. ಆಮೇಲೆ ಸಿಟ್ಟು ಬಂತು. ಎಲ್ಲರಿಗೂ ನೀನು ಅನ್ನುವುದೇ ಇವರ ದೊಡ್ಡಸ್ತಿಕೆಯಂತೆ ಎಂದು ಊರೆಲ್ಲ ಮಾತಾಡುತ್ತಿತ್ತು. ಸಲಿಕೆ ನೆಲಕ್ಕೂರಿ ಕೇಳಿಯೇಬಿಟ್ಟೆ: “ನಂಗೆ ಹುಟ್ಟಿದಾಗಿಂದ ನಾಯಿನೂ ನೀನು ಅಂತದೆ. ನೀನೂ ನೀನು ಅಂದ್ರೆ ನಂಗೇನ್ ಬಂತಮ್ಮಿ?”

ಅವಳು ಸೆರಗಿನಂಥ ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡಳು. “ನಾನ್ ಅನ್ನೋದ್ರಿಂದ ಏನೂ ಬರಕಿಲ್ಲ ಬುಡು” ಅಂದಳು. “ನೀನು ಅವ್ರಿಗ್ ಅನ್ನು. ಅವಾಗ್ ಬತ್ತದೆ.”

ಅಂದಿನಿಂದ ನಾನು ಕೆಳಗಿಳಿದಾಗಲೆಲ್ಲ ಮಾತು ಬೆಳೆಯಿತು. ಅವಳಿಗೆ ಬರೆಯಲು ಬರುತ್ತಿತ್ತು. ಊರಿನ ಜವಳಿ ವ್ಯಾಪಾರಿ ಎಫ್ರೇಮ್ ಅವರ ಪಂಗಡದವನು. ಅವನ ಮನೆಯಿಂದ ಬರುತ್ತಿದ್ದ ರೊಟ್ಟಿಯೊಳಗೆ ಕಾಗದವೂ ಮಸಿಯ ಕೊಂಬೂ ಬಂದವು. ಗುಂಡಿಯ ಸಂಗತಿಯನ್ನೆಲ್ಲ ಬರೆದು ಲಂಡನ್ನಿಗೆ ಕಳಿಸಬೇಕು, ಅಲ್ಲಿ ಅಚ್ಚಾಗಿ ಸಂತೆಸಂತೆಯಲ್ಲೂ ಜನರ ಕೈಗೆ ಸಿಗಬೇಕು ಎಂಬುದು ಅವಳ ಯೋಚನೆ. ನಾನು ಬಂದು ಇನ್ನೂ ಎರಡು ತಿಂಗಳಾಗಿಲ್ಲ, ನೀನು ಇಪ್ಪತ್ತು ವರ್ಷದಿಂದ ನೋಡಿದವಳು, ನೀನೇ ಹೇಳು ಅಂದಳು.

ಹೇಳಿದೆ. ಇಲಿ ಕಚ್ಚಿದ ಕಾಲು ಕೊಳೆತು ಸತ್ತ ಕುರಿಗಾಹಿಯ ಸಂಗತಿ. ಗುಂಡಿಯಿಂದ ಹೊರಬಂದ ದಿನ ಬಿಸಿಲು ನೋಡಲಾಗದೆ ಮತ್ತೆ ಕೆಳಗೇ ಓಡಿದ ಮುದುಕನ ಸಂಗತಿ. ಅವಳು ಮಂಡಿಯ ಮೇಲೆ ಕಾಗದವಿಟ್ಟು ಗೀಚುತ್ತಿದ್ದಳು, ಕೆಮ್ಮು ಬಂದಾಗ ಕಾಗದವನ್ನು ಮೇಲಕ್ಕೆ ಎತ್ತಿ ಹಿಡಿಯುತ್ತಿದ್ದಳು.

ಒಂದು ದಿನ ಆನಿಸ್‌ಳ ಸಂಗತಿ ಬಂತು. ನಾನು ತರಬೇಕೆಂದು ತಂದದ್ದಲ್ಲ. ಮೆಟ್ಟಿಲ ಮೇಲೆ ಮೆರಿಯಲ್ ಕೂತಿದ್ದ ಜಾಗದಲ್ಲೇ ಅವಳೂ ಕೂರುತ್ತಿದ್ದಳು, ಅಷ್ಟೆ.

ಎರಡು ಚಳಿಗಾಲದ ಹಿಂದಿನ ಮಾತು. ಆನಿಸ್ ಯಾವ ಊರಿನವಳೋ, ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ತುಂಬಿದ ಬಸುರಿ. ಮಗು ತಮ್ಮೂರಲ್ಲಿ ಹುಟ್ಟಿದರೆ ತಾವು ಸಾಕಬೇಕಾಗುತ್ತದೆಂದು ಮೂರು ಊರಿನವರು ಅವಳನ್ನು ಗಡಿ ದಾಟಿಸಿ ದಾಟಿಸಿ ಬಿಟ್ಟಿದ್ದರು. ನಮ್ಮೂರಿನವರು ಅಲೆಮಾರಿ ಎಂದು ಹಿಡಿದು ಗುಂಡಿಗೆ ಹಾಕಿದರು. ಅಲ್ಲೇ ಹೆತ್ತಳು. ನಾನು ಬೆಳಿಗ್ಗೆ ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕ್ರೂಡ್ ಒಂದು ಗೋಣಿಯನ್ನು ತಂದು ತುಂಬಿದ ತೊಟ್ಟಿಯ ಮೇಲಿಟ್ಟ. “ಸತ್ತೇ ಬಿತ್ತು ಅದು. ಎಲ್ಲದ್ರ ಜೊತೆ ಹೊಳೆಗ್ ಹಾಕ್ಬುಡು” ಅಂದ.

ಒಂಬತ್ತನೇ ಮೆಟ್ಟಿಲಲ್ಲಿ ಗೋಣಿ ಅಲ್ಲಾಡಿತು.

ನಾನು ನಿಂತೆ. ಅಲ್ಲಾಡ್ತಾ ಅದೆ ಅಂದೆ. ನೀನು ನಡುಗಿದ್ದಕ್ಕೆ ಅಲ್ಲಾಡಿತು, ನಡಿ ಎಂದು ಅವನು ಹಿಂದಿನಿಂದ ಹೇಳಿದ. ನಾನು ನಡೆದೆ. ಅಂಗಳ ದಾಟಿದೆ, ಬೀದಿ ದಾಟಿದೆ, ಎಲ್ಲರೂ ಪಕ್ಕಕ್ಕೆ ಸರಿದರು. ಗೋಣಿಯ ಬಾಯನ್ನು ಹುರಿಯಿಂದ ಕಟ್ಟಿತ್ತು. ಬಿಚ್ಚಬಹುದಿತ್ತು. ಹೊಳೆಯ ದಂಡೆಯಲ್ಲಿ ಕೂಡ ಬಿಚ್ಚಬಹುದಿತ್ತು. ಬಿಚ್ಚಲಿಲ್ಲ. ಮಾರನೆಯ ದಿನ ಆನಿಸ್ ನನ್ನ ಕಾಲು ಹಿಡಿದು ಎಲ್ಲಿ ಮಲಗಿಸಿದೆ ಎಂದು ಕೇಳಿದಳು. ಗುಡಿಯ ಹಿಂದೆ ಸೇಬಿನ ಮರದ ಕೆಳಗೆ ಅಂದೆ. ನೆರಳಿದೆಯಾ ಎಂದಳು. ಇದೆ ಅಂದೆ. ನಾಲ್ಕನೇ ದಿನ ಅವಳೂ ಸತ್ತಳು.

ಮೆರಿಯಲ್ ಬಹಳ ಹೊತ್ತು ಬರೆದಳು. “ಒಂಬತ್ನೇ ಮೆಟ್ಲಲ್ವಾ?” ಎಂದು ಒಂದೇ ಸಲ ಕೇಳಿದಳು. ಆಮೇಲೆ ಬರೆದದ್ದನ್ನು ಓದಿ ಹೇಳಿದಳು. ಅವಳು ಅದಕ್ಕೆ ಏನನ್ನೂ ಸೇರಿಸಿರಲಿಲ್ಲ. ನನ್ನ ಮಾತು ಇನ್ನೊಬ್ಬರ ಬಾಯಿಂದ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ನಾನು ಆ ಹೇಸಿಗೆಯಲ್ಲೇ ಕೂತುಬಿಟ್ಟೆ.

ಕಾಗದ ಹೊರಗೆ ಹೋದದ್ದು ತೊಟ್ಟಿಯಲ್ಲಿ. ಹಂದಿಯ ಮೂತ್ರಚೀಲದಲ್ಲಿ ಸುತ್ತಿ, ಬಿಗಿಯಾಗಿ ಕಟ್ಟಿ, ಎಲ್ಲದರ ತಳದಲ್ಲಿ. ಕ್ರೂಡ್ ಪ್ರತಿಯೊಬ್ಬರ ರೊಟ್ಟಿ ಮುರಿದು, ಹೆಂಗಸರ ತುರುಬು ಬಿಚ್ಚಿ ಹುಡುಕಲು ಶುರುಮಾಡಿದ್ದ. ನನ್ನ ಹತ್ತಿರಕ್ಕೆ ಬರಲಿಲ್ಲ. ಹೊಳೆಯ ದಂಡೆಯಲ್ಲಿ ಎಫ್ರೇಮ್ ಕಾಯುತ್ತಿದ್ದ. ಒಳ್ಳೆಯ ಮನುಷ್ಯ. ಅವನ ಮೇಲೆ ಕಲ್ಲು ಬಿದ್ದಾಗಲೂ ಎಸೆದವನನ್ನು ಅವನು ಶಪಿಸಿದ್ದನ್ನು ನಾನು ಕೇಳಿಲ್ಲ. ನಾನು ಚೀಲವನ್ನು ಮೂರು ಸಲ ತೊಳೆದು ಕೊಟ್ಟೆ. ಅವನು ಕರವಸ್ತ್ರ ಹಾಕಿ, ಎರಡು ಬೆರಳಲ್ಲಿ ಹಿಡಿದುಕೊಂಡ.

ಚಳಿಗಾಲ ಮುಗಿಯುವಾಗ ಹೊತ್ತಿಗೆಗಳು ಬಂದವು, ಬಟ್ಟೆಯ ಸುರುಳಿಗಳ ನಡುವೆ ಅಡಗಿಕೊಂಡು. ಒಂದೊಂದೂ ಎಂಟು ಹಾಳೆ. ಅಂಗಡಿಯ ಹಿತ್ತಲಿಗೆ ಬಾ, ಓದಿ ಹೇಳುತ್ತೇನೆ ಎಂದು ಎಫ್ರೇಮ್ ಹೇಳಿಕಳಿಸಿದ. ನಾನು ಅಂದು ಕೆಲಸ ಮುಗಿಸಿ, ಹೊಳೆಯಲ್ಲಿ ಮೈ ತೊಳೆದು, ಇದ್ದ ಇನ್ನೊಂದು ಲಂಗ ಉಟ್ಟುಕೊಂಡು ಹೋದೆ. ಅವನು ಬಾಗಿಲಲ್ಲಿ ನಿಂತ, ನಾನು ಹಿತ್ತಲಲ್ಲಿ ನಿಂತೆ.

ಚೆನ್ನಾಗಿ ಓದಿದ. ಗೆಣ್ಣುಮಟ್ಟದ ನೆಲ ಬಂತು, ಕ್ರೂಡ್‌ನ ಮಳೆ ಬಂತು, ಕುರಿಗಾಹಿಯ ಕಾಲು ಬಂತು. ಪಾದ್ರಿಯನ್ನು ಹೊಟ್ಟೆಬಾಕ ನಾಯಿ ಎಂದು ಅಚ್ಚಿನಲ್ಲೇ ಹಾಕಿದ್ದರು. ಟ್ರೆಲೋರ್‌ನ ಹೆಸರು ಹಿಡಿದು, ನೀನು ಕೂತಿರುವ ಪೀಠದ ಕೆಳಗೆ ಏನಿದೆ ನೋಡು ಎಂದು ಬರೆದಿತ್ತು. ನನಗೆ ಮೈ ಜುಮ್ಮೆಂದಿತು. ನಾನು ಒಂಬತ್ತನೇ ಮೆಟ್ಟಿಲಿಗೆ ಕಾದೆ. ಎಫ್ರೇಮ್ ಕೊನೆಯ ಹಾಳೆ ಓದಿ ಹೊತ್ತಿಗೆ ಮಡಚಿದ.

ಮಗು ಎಲ್ಲಿ ಎಂದು ಕೇಳಿದೆ.

ಅವನು ನೆಲ ನೋಡಿದ. ಲಂಡನ್ನಿನಲ್ಲಿ ಅಚ್ಚಿನ ಕೆಲಸ ನೋಡಿಕೊಳ್ಳುವ ಹಿರಿಯರು ಆ ಭಾಗವನ್ನು ತೆಗೆದರಂತೆ. ಅದಕ್ಕೆ ಸಾಕ್ಷಿಯಿಲ್ಲ. ಹೇಸಿಗೆ ಹೊರುವವಳ ಮಾತನ್ನು ನಂಬಿ ಅಚ್ಚು ಹಾಕಿದರು ಎಂದು ವೈರಿಗಳು ನಗುತ್ತಾರೆ. ಅದಕ್ಕಿಂತ ಹೆಚ್ಚಾಗಿ ನಿನ್ನ ಕುತ್ತಿಗೆಗೇ ಹಗ್ಗ ಬರುತ್ತದೆ, ಹೊಳೆಗೆ ಹಾಕಿದವಳು ನೀನಲ್ಲವೇ ಅಂದ. ಇದನ್ನೆಲ್ಲ ಮೆತ್ತಗೆ ಹೇಳಿದ. ಕೊನೆಗೆ ಅಂದ: “ನೋಡು ಗ್ರಿಸೆಲ್, ಓದೋವ್ರಿಗೆ ತೀರಾ ಅಸಹ್ಯ ಆಗ್ಬಾರ್ದು. ಅಸಹ್ಯ ಆದ್ರೆ ಪುಸ್ತಕ ಕೆಳಗಿಟ್ಬಿಡ್ತಾರೆ. ಆ ಜಾಗದಲ್ಲಿ, ಇನ್ನೂ ಹಲವು ಹೇಳಬಾರದ ಸಂಗತಿಗಳು ಇಲ್ಲಿ ನಡೆದಿವೆ, ಅಂತ ಒಂದು ಸಾಲು ಹಾಕಿದ್ದಾರೆ.”

“ಯಾರ್ಗೆ ಹೇಳ್ಬಾರ್ದು?” ಅಂದೆ.

ಅವನು ಹೊತ್ತಿಗೆಯನ್ನು ಮತ್ತೆ ಬಟ್ಟೆಯ ಸುರುಳಿಯೊಳಕ್ಕೆ ತುರುಕಿದ. ಅವನ ಹೆಂಡತಿ ಒಳಗಿನಿಂದ ಒಂದು ಬಟ್ಟಲು ಹಾಲು ಕಳಿಸಿದಳು. ಕುಡಿದೆ. ಹಿತ್ತಲ ಗೋಡೆ ದಾಟುವ ಮುಂಚೆಯೇ ಅಷ್ಟೂ ವಾಂತಿಯಾಯಿತು. ಇಪ್ಪತ್ತು ವರ್ಷ ತೊಟ್ಟಿಯ ಮೇಲೆ ಬಗ್ಗಿದಾಗ ಒಂದು ಸಲವೂ ಆಗಿರಲಿಲ್ಲ ನನಗೆ.

ಮೆರಿಯಲ್‌ಗೆ ಹೇಳಿದಾಗ ಅವಳು ತನ್ನ ಗಂಟುಗಂಟು ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚುತ್ತಾ ಕೂತಳು. ನಾನು ಬರೆದಿದ್ದೆ, ಒಂದಕ್ಷರ ಬಿಡದೆ ಬರೆದಿದ್ದೆ ಎಂದು ಎರಡು ಮೂರು ಸಲ ಹೇಳಿದಳು. ತನ್ನವರ ಮೇಲೆ ಅವಳಿಗೆ ಬಂದ ಸಿಟ್ಟನ್ನು ನಾನು ನೋಡಿದೆ. ಟ್ರೆಲೋರ್‌ನ ಮೇಲೂ ಅಷ್ಟು ಬಂದಿರಲಿಲ್ಲ. ಮತ್ತೆ ಬರೆಯುತ್ತೇನೆ, ಈ ಸಲ ಅದೊಂದೇ ಅಂದಳು. ಆದರೆ ಕಾಗದ ಮುಗಿದಿತ್ತು. ಎಫ್ರೇಮ್‌ನ ಮನೆಯ ರೊಟ್ಟಿಯೂ ನಿಂತಿತ್ತು, ಏಕೆಂದರೆ ಅಷ್ಟರಲ್ಲಿ ಅವನನ್ನೇ ಹಿಡಿದಿದ್ದರು.

ಹೊತ್ತಿಗೆಗಳು ಸಂತೆಯಲ್ಲಿ ಕೈಯಿಂದ ಕೈಗೆ ಹೋಗಿ, ಯಾರೋ ಒಂದನ್ನು ಗುಡಿಯ ಬಾಗಿಲಿಗೆ ಮೊಳೆ ಹೊಡೆದು ನಿಲ್ಲಿಸಿದ್ದರು. ಟ್ರೆಲೋರ್ ಎಲ್ಲವನ್ನೂ ಹುಡುಕಿಸಿ ತರಿಸಿದ. ಸಂತೆಮಾಳದ ಮೇಲಿನ ಸಭಾಂಗಣದಲ್ಲಿ ವಿಚಾರಣೆ ನಡೆಯಿತು. ನಾನು ಬೆಳಗಿನ ಕೆಲಸ ಮುಗಿಸಿ, ತೊಳೆದುಕೊಳ್ಳದೆ, ಒದ್ದೆ ಏಪ್ರನ್‌ನಲ್ಲೇ ಹೋಗಿ ಬಾಗಿಲ ಹೊರಗೆ ನಿಂತೆ. ತೊಳೆದುಕೊಳ್ಳಲು ಪುರುಸೊತ್ತಿರಲಿಲ್ಲ ಅಂತಲ್ಲ. ಮನಸ್ಸು ಬರಲಿಲ್ಲ.

ಎಫ್ರೇಮ್ ಕಟಕಟೆಯಲ್ಲಿ ಟೋಪಿ ತೆಗೆಯದೆ ನಿಂತಿದ್ದ. ಟೋಪಿಯನ್ನು ಕೋಲಿನಿಂದ ಬೀಳಿಸಿದರು, ಅವನು ಎತ್ತಿ ಮತ್ತೆ ಹಾಕಿಕೊಂಡ, ಮತ್ತೆ ಬೀಳಿಸಿದರು. ಕಾಗದ ಕೊಟ್ಟವರು ಯಾರೆಂದು ಕೇಳಿದರೆ ಬಾಯಿ ಬಿಡಲಿಲ್ಲ. ಅದು ನನಗಾಗಿ. ಟ್ರೆಲೋರ್ ಹೊತ್ತಿಗೆಯನ್ನು ಹೆಣ್ಣುದನಿ ಮಾಡಿ ಓದಿದ. ಕ್ರೂಡ್‌ನ ಮಳೆಯ ಭಾಗ ಬಂದಾಗ ಸಭೆಯೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಆಮೇಲೆ ಕ್ರೂಡ್‌ನ ಕೈಯನ್ನು ಬೈಬಲ್ ಮೇಲಿಡಿಸಿ, ನಿನ್ನ ಗುಂಡಿಯಲ್ಲಿ ಜನ ಸತ್ತಿದ್ದು ನಿಜವೇ ಎಂದು ಕೇಳಿದ.

“ದೇವ್ರಾಣೆ ಇಲ್ಲ ಬುದ್ಧಿ” ಅಂದ ಕ್ರೂಡ್. “ಒಂದು ನರಪಿಳ್ಳೆನೂ ಸತ್ತಿಲ್ಲ.”

ನಾನು ಒಳಗೆ ಹೋದೆ. ಹಾದಿ ಕೇಳಬೇಕಾಗಲಿಲ್ಲ. ಜನ ಒಬ್ಬರನ್ನೊಬ್ಬರು ತುಳಿದುಕೊಂಡು ಸರಿದರು.

“ಇದನ್ನ ಒಳಗೆ ಬಿಟ್ಟೋರು ಯಾರು?” ಎಂದು ಟ್ರೆಲೋರ್ ಕೇಳಿದ. ಲವಂಗ ಚುಚ್ಚಿದ ಕಿತ್ತಳೆಯೊಂದನ್ನು ಮೂಗಿಗೆ ಹಿಡಿದಿದ್ದ.

“ಯಾರೂ ಬುಡ್ಲಿಲ್ಲ. ನೀನು ಕೇಳ್ದ್ಯಲ್ಲ, ಸತ್ತವ್ರೆ ಇಲ್ವಾ ಅಂತ. ಅದ್ನ ಹೇಳಕ್ ಬಂದೆ.”

ನೀನು ಎಂಬ ಮಾತು ಬಾಯಿಂದ ಬಿದ್ದಮೇಲೆ ನನ್ನ ಮಂಡಿ ನಡುಗಿತು. ಆ ಪಂಗಡದವರನ್ನು ನಡುಗುವವರು ಅನ್ನುವುದು ಸುಮ್ಮನೆ ಅಲ್ಲ. ಹಿಡಿದು ಎಳೆದುಹಾಕಿ ಎಂದು ಟ್ರೆಲೋರ್ ಹೇಳಿದ. ಇಬ್ಬರು ಕಾವಲುಗಾರರು ಮುಂದೆ ಬಂದರು, ನನ್ನ ಏಪ್ರನ್ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಭರ್ಜಿಯ ಹಿಂತುದಿಯಿಂದ ನನ್ನ ಭುಜ ನೂಕಿದ. ನಾನು ಕೈಯಿಂದ ಅದನ್ನು ಹಿಡಿದುಕೊಂಡೆ. ಅವನು ಕೆಂಡ ಮುಟ್ಟಿದವನಂತೆ ಭರ್ಜಿಯನ್ನೇ ಬಿಟ್ಟ. ಅದು ಕಲ್ಲಿನ ನೆಲಕ್ಕೆ ಬಿದ್ದು ಸದ್ದಾಯಿತು. ಮತ್ತೆ ಯಾರೂ ಬರಲಿಲ್ಲ. ಅಷ್ಟು ಗಂಡಸರಿದ್ದ ಆ ಸಭೆಯಲ್ಲಿ ನನ್ನನ್ನು ಮುಟ್ಟುವವನು ಒಬ್ಬನೂ ಇರಲಿಲ್ಲ.

ಹಾಗಾಗಿ ಹೇಳಿದೆ. ಕುರಿಗಾಹಿಯ ಹೆಸರು ಹೇಳಿದೆ. ಆನಿಸ್‌ಳ ಹೆಸರು ಹೇಳಿದೆ, ಮೂರು ಊರುಗಳ ಹೆಸರು ಹೇಳಿದೆ. ಗೋಣಿ, ತೊಟ್ಟಿ, ಒಂಬತ್ತನೇ ಮೆಟ್ಟಿಲು. ಕಾಗದ ಹೊತ್ತವಳೂ ನಾನೇ ಅಂದೆ. ಗುಮಾಸ್ತನ ಲೇಖನಿ ನಿಂತಿತ್ತು. ಬರಿ ಎಂದು ಅವನಿಗೆ ಹೇಳಿದೆ. ಬರೆಯಬೇಡ ಎಂದು ಟ್ರೆಲೋರ್ ಹೇಳಿದ. ಅವನು ಬರೆಯಲಿಲ್ಲ.

“ಸತ್ತೇ ಹುಟ್ಟಿತ್ತು ಬುದ್ಧಿ, ಇವ್ಳು ಹಾದರಗಿತ್ತಿ, ಸುಳ್ಳಿ” ಎಂದು ಕ್ರೂಡ್ ಅಂದ. ಒಂದು ನರಪಿಳ್ಳೆಯೂ ಸತ್ತಿಲ್ಲ ಎಂದು ಆಣೆಯಿಟ್ಟ ಕೈ ಇನ್ನೂ ಬೈಬಲ್ ಮೇಲೇ ಇತ್ತು. ಯಾರೂ ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ.

ಟ್ರೆಲೋರ್ ಕಿತ್ತಳೆಯನ್ನು ಸ್ವಲ್ಪ ಕೆಳಗಿಳಿಸಿದ. “ಅಷ್ಟೆಲ್ಲ ಗೊತ್ತಲ್ಲ ನಿನಗೆ. ಆ ಮಗು ಗಂಡೋ, ಹೆಣ್ಣೋ?”

“ಗೊತ್ತಿಲ್ಲ.”

“ಯಾಕೆ ಗೊತ್ತಿಲ್ಲ?”

“ಬಿಚ್ಚಿ ನೋಡ್ಲಿಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಇನ್ನೊಬ್ಬರು. ನಗು ಮುಂದಿನ ಸಾಲಿನವರೆಗೂ ಬಂತು. ಗಂಡೋ ಹೆಣ್ಣೋ ತಿಳಿಯದ ಮಗುವಂತೆ, ಎಂದು ಪಾದ್ರಿ ಪಕ್ಕದವನ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. ನಾನು ಎಫ್ರೇಮ್‌ನನ್ನು ನೋಡಿದೆ. ಅವನು ಕಣ್ಣು ಮುಚ್ಚಿಕೊಂಡಿದ್ದ, ತುಟಿ ಅಲ್ಲಾಡುತ್ತಿತ್ತು, ಪ್ರಾರ್ಥನೆಯಿರಬೇಕು.

ನನ್ನ ಮೇಲೆ ಕೊಲೆಯ ಆಪಾದನೆ ಹಾಕಲಿಲ್ಲ. ಹಾಕಿದ್ದರೆ ಮಗು ಬದುಕಿತ್ತು ಎಂದು ಒಪ್ಪಬೇಕಾಗುತ್ತಿತ್ತು. ಪೀಠಕ್ಕೆ ಅವಮಾನ, ದೇಶದ್ರೋಹದ ಕಾಗದ ಸಾಗಿಸಿದ್ದು, ಇವೆರಡಕ್ಕೆ ಊರೂರು ಸುತ್ತಿ ವಿಚಾರಣೆ ಮಾಡುವ ದೊಡ್ಡ ನ್ಯಾಯಾಧೀಶ ಇಲ್ಲಿಗೆ ಬರುವವರೆಗೆ ಗುಂಡಿ ಎಂದರು. ಎಫ್ರೇಮ್‌ನಿಗೆ ದೊಡ್ಡ ಮೊತ್ತದ ದಂಡ ಹಾಕಿ ಮನೆಗೆ ಕಳಿಸಿದರು. ನಾನು ಸೆರೆಮನೆಗೆ ಒಬ್ಬಳೇ ನಡೆದೆ. ಕಾವಲುಗಾರರು ಹತ್ತು ಹೆಜ್ಜೆ ಹಿಂದೆ ಬಂದರು. ದಾರಿಯಲ್ಲಿ ಒಬ್ಬ ನಿಂತು ಗೋಡೆಗೆ ಉಚ್ಚೆ ಹೊಯ್ದ. ಓಡಿಹೋಗಬಹುದಿತ್ತು. ಹೋಗುವುದೆಲ್ಲಿಗೆ?

ಗುಂಡಿಯಲ್ಲಿ ಅಂದು ನಾವು ಆರು ಜನ. ಮೆರಿಯಲ್ ಜ್ವರದಲ್ಲಿದ್ದಳು. ಸಭೆಯಲ್ಲಿ ನಡೆದದ್ದನ್ನೆಲ್ಲ ಕೇಳಿ, ‘ನೀನು’ ಅಂದೆಯಾ ಎಂದು ಕೇಳಿದಳು. ಅಂದೆ ಎಂದೆ. ಏನು ಬಂತು ಎಂದಳು. ಗುಂಡಿ ಬಂತು ಅಂದೆ. ಇಬ್ಬರಿಗೂ ನಗು ಬಂತು, ಅವಳಿಗೆ ನಗುವಿನ ಹಿಂದೆ ಕೆಮ್ಮು ಬಂದು ಬಹಳ ಹೊತ್ತು ನಿಲ್ಲಲಿಲ್ಲ.

ಮಾರನೆಯ ಬೆಳಿಗ್ಗೆ ಕ್ರೂಡ್ ಎಂದಿನಂತೆ ಮೇಲಿನಿಂದ ಕೂಗಿದ: “ತೊಟ್ಟಿ.” ನಾನು ಎದ್ದೇಳಲಿಲ್ಲ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಇಲ್ಲಿಯವರೆಗೆ ನಾನು ಕೆಲಸದವಳು, ಈಗ ಕೈದಿ. ಕೈದಿಯಿಂದ ಕೆಲಸ ಮಾಡಿಸಬೇಕಾದರೆ ಗುಂಡಿಗೆ ಇಳಿದು ಬಂದು ಹಿಡಿದು ಎಬ್ಬಿಸಬೇಕು. ಅವನು ಇಳಿಯಲಿಲ್ಲ. ಬೈದು ಹೋದ. ಅಂದಿನ ಹನ್ನೆರಡು ತೊಟ್ಟಿಯಷ್ಟೂ ಅಲ್ಲೇ ಉಳಿಯಿತು.

ಎರಡನೇ ದಿನ ಇಬ್ಬರು ಅಲೆಮಾರಿಗಳನ್ನು ಹಿಡಿದು ತಂದ. ಒಬ್ಬ ಮೇಲಿನಿಂದ ಮೂರು ಮೆಟ್ಟಿಲು ಇಳಿಯುವಷ್ಟರಲ್ಲೇ ವಾಂತಿ ಮಾಡಿ ಹಿಂದೆ ಓಡಿದ. ಇನ್ನೊಬ್ಬ ತೊಟ್ಟಿಯನ್ನು ಬಾಗಿಲ ಹತ್ತಿರದವರೆಗೆ ಹೊತ್ತು, ಕೈ ಜಾರಿ, ಅಷ್ಟನ್ನೂ ಮೆಟ್ಟಿಲ ಮೇಲೆ ಚೆಲ್ಲಿದ. ಅಂದಿನಿಂದ ಬಾಗಿಲವರೆಗೂ ಅದೇ. ಮೂರನೇ ದಿನ ಕ್ರೂಡ್ ಮೇಲಿನ ಗಡಿಗೆಗಳನ್ನು ಸುರಿಯುವುದನ್ನು ನಿಲ್ಲಿಸಿದ. ಆಗ ಅವು ಅವನ ಮನೆಯ ಮುಂದೆ ಸಾಲಾಗಿ ನಿಂತವು. ಅವನ ಅಡುಗೆಮನೆ ನಮ್ಮ ನೆತ್ತಿಯ ಹಲಗೆಗೆ ಅಂಟಿಕೊಂಡೇ ಇತ್ತು. ಅವನ ಹೆಂಡತಿ ವಾಕರಿಸುವುದು ಹಲಗೆಯ ಸಂದಿಯಿಂದ ಕೇಳುತ್ತಿತ್ತು. ಗಾಳಿ ತಿರುಗಿದ ದಿನ ಪಾದ್ರಿ ಗುಡಿಯ ಕಿಟಕಿಗಳನ್ನೆಲ್ಲ ಮುಚ್ಚಿಸಿದನಂತೆ.

ನಮಗೂ ಹಿತವಾಗಿರಲಿಲ್ಲ. ಎರಡನೇ ಮೆಟ್ಟಿಲು ಮುಳುಗಿತು, ಆಮೇಲೆ ಮೂರನೆಯದು. ಆರೂ ಜನ ಮೇಲಿನ ಮೆಟ್ಟಿಲುಗಳಲ್ಲಿ, ಆ ಅಲೆಮಾರಿ ಚೆಲ್ಲಿದ್ದನ್ನು ಕೈಯಿಂದ ಬಳಿದು, ಒಬ್ಬರ ಮಡಿಲಲ್ಲಿ ಒಬ್ಬರಂತೆ ಕೂತೆವು. ಮೆರಿಯಲ್‌ಳ ಪಾದಗಳು ಬಿರಿದು ಕೀವು ಕಟ್ಟಿದ್ದವು. ನಾನು ಎದ್ದು ತೊಟ್ಟಿ ಹಿಡಿದರೆ ಅವಳ ಪಾದ ಒಣಗುತ್ತಿತ್ತು, ನನಗೆ ಗೊತ್ತಿತ್ತು. ಕಳ್ಳತನಕ್ಕೆ ಬಂದಿದ್ದ ಒಬ್ಬಳು ಮುಖದ ಮೇಲೇ ಹೇಳಿದಳು, ನಿನ್ನ ಹಟಕ್ಕೆ ನಾವು ಸಾಯಬೇಕಾ, ಹುಟ್ಟಿದಾಗಿಂದ ಮಾಡಿದ್ದು ಇವತ್ತು ಕಹಿಯಾಯಿತಾ ಎಂದು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಮೆರಿಯಲ್ ಕಡೆ ತಿರುಗಿ ಎತ್ತಲಾ ಎಂದು ಕೇಳಿದೆ.

“ನಂಗೋಸ್ಕರ ಎತ್ಬೇಡ” ಅಂದಳು. “ಎತ್ಬೇಕು ಅನ್ಸಿದ್ರೆ ಎತ್ತು.”

ಅವಳು ತನ್ನ ಒಳಲಂಗದ ಅಂಚು ಹರಿದು, ಅದರ ಮೇಲೆ ಬರೆಯುತ್ತಿದ್ದಳು. ಮಸಿಯ ಕೊಂಬಿನ ತಳದಲ್ಲಿ ಒಣಗಿದ್ದಕ್ಕೆ ಉಗುಳು ಬೆರೆಸಿಕೊಂಡಿದ್ದಳು. ಬರೆಯುತ್ತಿದ್ದದ್ದು ಅದೊಂದೇ: ಆನಿಸ್, ಗೋಣಿ, ಒಂಬತ್ತನೇ ಮೆಟ್ಟಿಲು. ಈಗ ನನ್ನ ಮಾತಿನ ಜೊತೆಗೆ, ಲಂಡನ್ನಿನ ಹಿರಿಯರು ಇದನ್ನು ತೆಗೆದುಹಾಕಿದರು ಎಂಬುದನ್ನೂ ಸೇರಿಸಿದ್ದಳು. ತೊಟ್ಟಿ ಹೋಗದಿದ್ದರೆ ಈ ಬಟ್ಟೆ ಹೊರಗೆ ಹೋಗುವುದು ಹೇಗೆ ಎಂಬುದು ಇಬ್ಬರಿಗೂ ಗೊತ್ತಿದ್ದ ಪ್ರಶ್ನೆ. ಇಬ್ಬರೂ ಅದನ್ನು ಎತ್ತಲಿಲ್ಲ. ಮಗುವಿಗೆ ಯಾವ ಹೆಸರು ಬರೆಯಲಿ ಎಂದು ಒಮ್ಮೆ ಕೇಳಿದಳು. ಹೆಸರಿಲ್ಲ ಅಂದೆ. ಹೆಸರಿನಷ್ಟು ಜಾಗ ಬಿಟ್ಟು ಮುಂದಕ್ಕೆ ಬರೆದಳು.

ಆರನೇ ದಿನ ಮಧ್ಯಾಹ್ನ ಕ್ರೂಡ್ ಬಂದ. ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಹೊಸ ತೊಟ್ಟಿಯೊಂದನ್ನು ಮೆಟ್ಟಿಲ ಮೇಲಿಟ್ಟ. ಅದರ ಮರ ಇನ್ನೂ ಬೆಳ್ಳಗಿತ್ತು.

“ಗ್ರಿಸೆಲ್” ಅಂದ. ನನ್ನ ಹೆಸರು ಅವನಿಗೆ ಗೊತ್ತಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. “ದೊಡ್ ನ್ಯಾಯಾಧೀಶ್ರು ಇವತ್ತೇ ಬತ್ತಾವ್ರೆ ಕಣಮ್ಮಿ. ಸೆರೆಮನೆ ನೋಡ್ತಾರಂತೆ. ನಿನ್ನ ಬುಟ್‌ಬುಡ್ತೀನಿ. ಸಾಹೇಬ್ರಿಗೆ ನಾನೇ ಹೇಳ್ತೀನಿ. ಇದೊಂದ್ ಎತ್ಬುಡು.”

ಹಿಂದೆ ಕೂತ ಐವರೂ ನನ್ನ ಕಡೆ ತಿರುಗಿದರು. ಮೆರಿಯಲ್ ಬಟ್ಟೆಯ ಚೂರನ್ನು ಮಡಚಿ ಬಗಲಿಗೆ ಸಿಕ್ಕಿಸಿಕೊಂಡಳು.

“ನೀನೇ ಎತ್ತು” ಅಂದೆ.

ಅವನು ಬೈದ. ನನ್ನವ್ವನನ್ನು, ಅವಳವ್ವನನ್ನು, ನಾನು ಹುಟ್ಟಿದ ಜಾಗವನ್ನು ಬೈದ. ಕೊಂದು ಇದರಲ್ಲೇ ಹೂಳುತ್ತೇನೆ ಬೋಸುಡಿ ಅಂದ. ನಾನು ಬಾಯಿ ಮುಚ್ಚಿಕೊಂಡಿರಬೇಕಾದ ಅಗತ್ಯ ಈಗಿರಲಿಲ್ಲ, ಆದರೂ ಬೇರೆ ಏನೂ ಹೇಳಲಿಲ್ಲ. ಬೈಗುಳ ಮುಗಿದ ಮೇಲೆ ಅದೇ ಎರಡು ಮಾತನ್ನು ಇನ್ನೊಮ್ಮೆ ಹೇಳಿದೆ.

ಅವನು ಒಂದು ಮೆಟ್ಟಿಲು ಇಳಿದ. ಬೂಟು ಜಾರಿತು. ಗೋಡೆ ಹಿಡಿಯಲು ಕೈ ಚಾಚಿ, ಗೋಡೆಯ ಮೇಲಿದ್ದದ್ದನ್ನು ಕಂಡು ಕೈ ಹಿಂದಕ್ಕೆಳೆದುಕೊಂಡ. ಬಿಳಿಯ ತೊಟ್ಟಿ ಅವನ ಕಾಲ ಬಳಿ ಇತ್ತು. ಅವನು ಅದನ್ನೂ ನಮ್ಮನ್ನೂ ನೋಡುತ್ತಾ ಅಲ್ಲೇ ನಿಂತ. ಹೊಳೆಯ ಸೇತುವೆಯ ಮೇಲೆ ಗಾಡಿಯ ಸದ್ದಾಗುತ್ತಿದೆ, ಬೇಗ ಬನ್ನಿ ಎಂದು ಮೇಲಿನಿಂದ ಅವನ ಹೆಂಡತಿ ಕರೆಯುತ್ತಿದ್ದಳು.